ಕಾದೆ ಎಂಬ ಕ್ರಿಯಾಪದ

ಜನವರಿ ೯

ಗುಬ್ಬಿ,

ಕವರಿನ ಮೇಲಿನ ನನ್ನ ಅಕ್ಷರ ನೋಡಿ ಹರಿದು ಬಿಸಾಡಿಲ್ಲ ಅಂದುಕೊಂಡು ಬರೆಯುತ್ತಿದ್ದೇನೆ. ಮೂರು ವರ್ಷದಿಂದ ನಾನು ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ನಿಮ್ಮಣ್ಣ ಮಾಡಿದರೆ "ಹೂಂ, ಚೆನ್ನಾಗಿದ್ದೀನಿ" ಅಂದು ಇಟ್ಟುಬಿಡುತ್ತೀಯ. ಅದಕ್ಕೆ ತಕರಾರು ತೆಗೆಯಲು ಬರೆದದ್ದಲ್ಲ. ನಿನ್ನಿಂದ ಒಂದು ಕೆಲಸ ಆಗಬೇಕು.

ಅತ್ತೆ ಹೋದ ಮೇಲೆ ನಾನು ಮನೆಯಲ್ಲಿ ಕೂರಲಾರದೆ ಕೆಲಸಕ್ಕೆ ಸೇರಿದ್ದನ್ನು ನಿಮ್ಮಣ್ಣ ಹೇಳಿರಬೇಕು. ವಯಸ್ಸಾದವರ ಆರೈಕೆ ಕೇಂದ್ರ. ಬೇರೆ ಯಾವ ಓದೂ ಇಲ್ಲದ ನನಗೆ, ನಿಮ್ಮ ಅಮ್ಮನನ್ನು ವರ್ಷಕ್ಕೂ ಮೇಲೆ ಎತ್ತಿ ಕೂರಿಸಿ, ಮಗ್ಗುಲು ಬದಲಿಸಿ ಕಲಿತದ್ದೇ ಸರ್ಟಿಫಿಕೇಟು. ನಮ್ಮ ವಾರ್ಡಿಗೆ ಈಗ ಒಬ್ಬ ಅಜ್ಜಿ ಬಂದಿದ್ದಾರೆ. ಕಿಟಕಿ ಪಕ್ಕದ ಮಂಚ. ಎಲ್ಲೆಲ್ಲೋ ಬಾಳಿ ಬಂದವರಂತೆ. ಪಾರ್ಶ್ವವಾಯು ಹೊಡೆದ ಮೇಲೆ, ದೊಡ್ಡವರಾಗಿ ಕಲಿತ ಭಾಷೆಗಳೆಲ್ಲ ಅಳಿಸಿಹೋಗಿ, ಹುಟ್ಟಿನಿಂದ ಬಂದ ಸ್ಪ್ಯಾನಿಷ್ ಒಂದೇ ಉಳಿದಿದೆ. ಅದು ನೀನು ಕಲಿಸುವ ಭಾಷೆ. ಇಲ್ಲಿ ಯಾರಿಗೂ ಅದರ ಗಂಧಗಾಳಿ ಇಲ್ಲ.

ಹೋದ ವಾರ ಅವರು ನನ್ನ ಕೈ ತಳ್ಳುತ್ತಾ "ಕೊಮಿ, ಕೊಮಿ" ಅಂದರು. ತಿನ್ನುವುದಕ್ಕೆ ಅಂಥದ್ದೇನೋ ಅನ್ನುತ್ತಾರೆ ಅಂತ ಅಡುಗೆಯವನು ಹೇಳಿದ. ಪಾಪ, ಹಸಿವು, ಕೇಳುತ್ತಿದ್ದಾರೆ ಅಂದುಕೊಂಡು ಇನ್ನೊಂದು ಬಟ್ಟಲು ಗಂಜಿ ತಿನ್ನಿಸಿದೆ. ಅಷ್ಟನ್ನೂ ವಾಂತಿ ಮಾಡಿಕೊಂಡರು. ಆಮೇಲೆ ಗೊತ್ತಾಯಿತು, ನಾನು ಬರುವ ಮೊದಲೇ ಹಿಂದಿನ ಪಾಳಿಯವಳು ಊಟ ಮುಗಿಸಿ ಹೋಗಿದ್ದಳು. ಹೆಡ್ ನರ್ಸ್ ಎಲ್ಲರ ಮುಂದೆ ಮಂಗಳಾರತಿ ಎತ್ತಿದರು. ಮಾತ್ರೆಯ ವಿಷಯದಲ್ಲೂ ಇದೇ ಆಗಿದ್ದರೆ ಏನು ಗತಿ?

ಅವರು ಮತ್ತೆ ಮತ್ತೆ ಹೇಳುವ ಮಾತುಗಳನ್ನು ಕೇಳಿಸಿದ ಹಾಗೆ ಬರೆದಿದ್ದೇನೆ: ಕೊಮಿ, ತೊಮೆ, ಎಸ್ಪೆರೊ, ಯಮೊ. ಇವಕ್ಕೆ ಅರ್ಥ ಬರೆದು ಕಳಿಸು. ಬೇರೇನೂ ಬರೆಯದಿದ್ದರೂ ಪರವಾಗಿಲ್ಲ.

ನಿನ್ನ ಅತ್ತಿಗೆ

~

ಜನವರಿ ೨೪

ಅತ್ತಿಗೆಯವರಿಗೆ,

ಹರಿದು ಬಿಸಾಡಲಿಲ್ಲ.

ನೀವು ಬರೆದ ನಾಲ್ಕು ಪದಗಳಲ್ಲಿ ನಾಲ್ಕಕ್ಕೂ ಕೊನೆಯ ಅಕ್ಷರದ ತಲೆಯ ಮೇಲೆ ಒತ್ತು ತೋರಿಸುವ ಒಂದೊಂದು ಗೀಟು ಇರಬಹುದು. ಅದಿದ್ದರೆ ಎಲ್ಲವೂ ಭೂತಕಾಲ, ಅಂದರೆ ಆಗಿ ಮುಗಿದದ್ದು. ಅಜ್ಜಿ "ಕೊಮೀ" ಅಂದದ್ದು 'ಉಂಡೆ, ಆಯಿತು' ಎಂದು. ನೀವು ಬಾಯಿಗೆ ತುರುಕಿದಿರಿ.

ನಿಯಮ ಸುಲಭ. ಕ್ರಿಯಾಪದದ ಬಾಲ ಕತ್ತರಿಸಿ, ಯಾರು ಮಾಡಿದರೋ ಅವರ ಬಾಲ ಅಂಟಿಸುವುದು. 'ತೊಮಾರ್' ಎಂದರೆ ತೆಗೆದುಕೊಳ್ಳುವುದು. ನಾನು ತೆಗೆದುಕೊಂಡೆ: ತೊಮೇ. ನೀನು: ತೊಮಾಸ್ತೆ. ಅವನು ಅಥವಾ ಅವಳು: ತೊಮೋ. ನಾವು: ತೊಮಾಮೊಸ್. ಅವರೆಲ್ಲ: ತೊಮಾರೊನ್. ಇನ್ನೊಂದು ಗುಂಪು 'ಕೊಮೇರ್' ತರಹದ್ದು: ಕೊಮೀ, ಕೊಮಿಸ್ತೆ, ಕೊಮಿಯೋ, ಕೊಮಿಮೊಸ್, ಕೊಮಿಯೆರೊನ್. ಗೌರವದಿಂದ ಒಬ್ಬರಿಗೆ 'ನೀವು' ಎನ್ನುವಾಗ ಅವನು-ಅವಳ ಬಾಲವನ್ನೇ ಬಳಸಬೇಕು. ಅಜ್ಜಿಗೆ "ತೊಮೋ?" ಎಂದು ಕೇಳಿ, "ತೊಮಾಸ್ತೆ" ಎನ್ನಬೇಡಿ.

ಕೊನೆಯ ಅಕ್ಷರದ ಮೇಲೆ ಒತ್ತು ಬಿತ್ತೋ ಇಲ್ಲವೋ ಎಂದು ಕಿವಿಗೊಟ್ಟು ಕೇಳಿ. ಸದ್ಯಕ್ಕೆ ಅದನ್ನು ದೀರ್ಘ ಮಾಡಿ ಬರೆದುಕೊಳ್ಳಿ. 'ಎಸ್ಪೆರೊ' ಎಂದರೆ ನಾನು ಕಾಯುತ್ತಿದ್ದೇನೆ. 'ಎಸ್ಪೆರೋ' ಎಂದರೆ ಯಾರೋ ಕಾದರು. 'ಯಮೋ' ಎಂದರೆ ಕರೆದರು. ಫೋನ್ ಮಾಡಿದರು ಎನ್ನುವುದಕ್ಕೂ ಅದೇ.

ತೊಮಾರ್, ಕೊಮೇರ್, ಎಸ್ಪೆರಾರ್. ಈ ಮೂರನ್ನೂ ಎಲ್ಲ ಬಾಲ ಹಾಕಿ ಬರೆದು, ಎದುರಿಗೆ ಕನ್ನಡದಲ್ಲಿ ಅರ್ಥ ಬರೆದು ಕಳಿಸಿ. ತಿದ್ದಿ ಕಳಿಸುತ್ತೇನೆ. ಸಂಜೆ ತರಗತಿಯ ಮಕ್ಕಳಿಗೂ ಇದನ್ನೇ ಕೊಡುವುದು.

ನಿಮ್ಮ ನಾದಿನಿ

~

ಫೆಬ್ರವರಿ ೧೧

ಗುಬ್ಬಿ,

ನಿನ್ನ ಕಾಗದವನ್ನು ಬಟ್ಟೆ ಬದಲಿಸುವ ಕೋಣೆಯ ಬೀರುವಿನ ಬಾಗಿಲ ಒಳಗೆ ಅಂಟಿಸಿದ್ದೇನೆ. ಕೈ ತೊಳೆಯುವಾಗ ತೊಮೇ ತೊಮಾಸ್ತೆ ತೊಮೋ ಎಂದು ಗುನುಗುತ್ತೇನೆ. ಜೊತೆಯವಳು ಒಬ್ಬಳು, "ಯಾರ್ಗೆ ಶಾಪ ಹಾಕ್ತಿದ್ದೀರಾ?" ಅಂದಳು.

ನಮ್ಮ ಕೆಲಸದಲ್ಲಿ ಭೂತಕಾಲ ಬಿಟ್ಟರೆ ಬೇರೆ ಕಾಲವೇ ಇಲ್ಲ ನೋಡು. ಊಟ ಮಾಡಿದರಾ, ಮಾತ್ರೆ ತೆಗೆದುಕೊಂಡರಾ, ನಿದ್ದೆ ಬಂತಾ, ಹೊಟ್ಟೆ ಸಾಫ್ ಆಯಿತಾ. ನಾಳೆ ಏನು ಮಾಡುತ್ತೀರಿ ಅಂತ ಅಲ್ಲಿ ಯಾರನ್ನೂ ಯಾರೂ ಕೇಳುವುದಿಲ್ಲ.

ನಾನು "ತೊಮೋ?" ಅಂದಾಗ ಅಜ್ಜಿ ಬೆಚ್ಚಿಬಿದ್ದು ನೋಡಿದರು. ಆಮೇಲೆ ನಗಲಿಲ್ಲ, ಅತ್ತರು. ಗೋಡೆ ಮಾತಾಡಿದರೆ ಹಾಗೆಯೇ ಆಗುತ್ತದೇನೋ. ಈಗ ಮಾತ್ರೆಯ ಗೊಂದಲ ಇಲ್ಲ.

ಆದರೆ ಆ 'ಯಮೋ' ಇದೆಯಲ್ಲ, ಅದನ್ನು ಅವರು ಪ್ರತಿ ಸಂಜೆ ಕೇಳುತ್ತಾರೆ. ಅವರಿಗೊಬ್ಬ ಮಗಳಿದ್ದಾಳೆ. ಸೇರಿಸಿಹೋದ ದಿನ ಬಂದವಳು ಮತ್ತೆ ಬಂದಿಲ್ಲ, ಫೋನೂ ಇಲ್ಲ. ನಾಲ್ಕು ದಿನ ತಲೆ ಅಲ್ಲಾಡಿಸಿ ಇಲ್ಲ ಅಂದೆ. ಅವರು ಗೋಡೆಗೆ ಮುಖ ಮಾಡಿ ಊಟ ಬಿಟ್ಟರು. ಐದನೆಯ ದಿನ "ಸೀ, ಯಮೋ" ಅಂದುಬಿಟ್ಟೆ. ಹೌದು, ಮಾಡಿದ್ದಳು. ಆವತ್ತು ಬಟ್ಟಲು ಖಾಲಿ ಮಾಡಿದರು. ಈಗ ದಿನಾ ಅದೇ ಹೇಳುತ್ತೇನೆ. ಒಂದೇ ಒಂದು ದೀರ್ಘ, ಅಷ್ಟರಲ್ಲಿ ಒಬ್ಬರ ಹೊಟ್ಟೆ ತುಂಬುತ್ತದೆ.

ಅಭ್ಯಾಸದ ಹಾಳೆ ಜೊತೆಗಿದೆ. ಅಕ್ಷರ ನೋಡಿ ನಗಬೇಡ.

ನಿನ್ನ ಅತ್ತಿಗೆ

~

ಫೆಬ್ರವರಿ ೨೭

ಅತ್ತಿಗೆಯವರಿಗೆ,

ಹಾಳೆ ತಿದ್ದಿದ್ದೇನೆ. ಸ್ಪ್ಯಾನಿಷ್ ಭಾಗದಲ್ಲಿ ಒಂದೇ ತಪ್ಪು. ಕನ್ನಡದ ಕಡೆ ನೀವು ಹೀಗೆ ಬರೆದಿದ್ದೀರಿ:

ಎಸ್ಪೆರೇ: ಕಾದೆ.
ಎಸ್ಪೆರಾಸ್ತೆ: ಕಾದೆ.

ಎರಡಕ್ಕೂ ಒಂದೇ ಅರ್ಥ ಬರೆದರೆ ಹೇಗೆ ಎಂದು ಹಸಿರು ಶಾಯಿಯಲ್ಲಿ ಗೀಟು ಎಳೆದೆ. 'ನಾನು', 'ನೀನು' ಬಿಡಬಾರದು ಎಂದು ಪಕ್ಕದಲ್ಲಿ ಬರೆದೆ. ಮುಂದಿನ ಸಾಲಿಗೆ ಹೋಗಲು ಆಗಲಿಲ್ಲ. ಪೆನ್ನು ಮುಚ್ಚಿಟ್ಟು ಎದ್ದುಹೋದೆ. ಈ ಕಾಗದ ಮುಂದುವರಿಸುತ್ತಿರುವುದು ಎಂಟು ದಿನ ಬಿಟ್ಟು.

ಇಷ್ಟು ವರ್ಷ ಭಾಷೆ ಕಲಿಸಿ ನನಗೆ ಇದು ಹೊಳೆದಿರಲಿಲ್ಲ. ಕಾದನೋ ಕಾದಳೋ ಎಂದು ಸ್ಪ್ಯಾನಿಷ್ ಹೇಳುವುದಿಲ್ಲ. ನಾವು ಹೇಳುತ್ತೇವೆ. ನಾನೋ ನೀನೋ ಎಂದು ಅವರು ಹೇಳಿಯೇ ತೀರುತ್ತಾರೆ. ನಾವು ಹೇಳುವುದಿಲ್ಲ. ವ್ಯಾಕರಣದ ಪುಸ್ತಕದಲ್ಲಿ ನಾನು 'ಕಾದೆನು', ನೀನು 'ಕಾದೆ' ಎಂದಿದೆ, ನಿಜ. ಆದರೆ ಸಾಯುವಾಗ ಯಾರೂ ವ್ಯಾಕರಣದ ಪುಸ್ತಕದ ಹಾಗೆ ಮಾತಾಡುವುದಿಲ್ಲ.

ಅತ್ತಿಗೆ, ಅಮ್ಮ ತೀರಿಕೊಂಡ ವಾರ ನಾನು ಶನಿವಾರ ಬರುವವಳಿದ್ದೆ. "ಅವಸರ ಇಲ್ಲ, ಪರೀಕ್ಷೆ ಮುಗಿಸ್ಕೊಂಡೇ ಬಾ" ಎಂದು ಅಣ್ಣ ಹೇಳಿದ್ದ. ಶುಕ್ರವಾರ ನಿಮ್ಮ ಫೋನ್ ಬಂತು. ಅಮ್ಮ ಏನಾದರೂ ಅಂದಳಾ ಎಂದು ನಾನು ಕೇಳಿದೆ. ನೀವು, "'ತುಂಬ ಕಾದೆ' ಅಂದ್ರು, ಗುಬ್ಬಿ" ಎಂದಿರಿ.

ನಾನು ಅದನ್ನು 'ನಾನು ಕಾದೆ' ಎಂದೇ ಕೇಳಿಸಿಕೊಂಡೆ. ಅಮ್ಮ ನನಗಾಗಿ ಕಾದು ಕಾದು ಹೋದಳು ಎಂದು. ಆ ಮಾತನ್ನು ನನ್ನ ಕಿವಿಗೆ ಹಾಕಿದವರು ನೀವು ಎಂದೇ ನಿಮ್ಮ ಫೋನ್ ಎತ್ತಲಿಲ್ಲ. ಹೇಳದೆ ನುಂಗಿಕೊಳ್ಳಬಹುದಿತ್ತಲ್ಲ, ಬೇಕೆಂದೇ ಚುಚ್ಚಿದರು ಎಂದು ನಿಮ್ಮ ಮೇಲೆ ಹಗೆ ಸಾಧಿಸಿದೆ.

ಈಗ ಕೇಳುತ್ತಿದ್ದೇನೆ. ಮಂಚದ ಪಕ್ಕ ಇದ್ದವರು ನೀವು. ಅದು ಎಸ್ಪೆರೇಯೋ, ಎಸ್ಪೆರಾಸ್ತೆಯೋ?

ನಿಮ್ಮ ನಾದಿನಿ

~

ಮಾರ್ಚ್ ೧೬

ಗುಬ್ಬಿ,

ಒಂದು ಪದ ತಿದ್ದಲು ಕೊಟ್ಟರೆ ಮನೆಯನ್ನೇ ಅಗೆಯಲು ಹೊರಟೆಯಲ್ಲ.

ನಿಮ್ಮ ಅಮ್ಮ ನನ್ನನ್ನು ಮದುವೆಯ ದಿನದಿಂದಲೂ 'ನೀವು' ಎಂದೇ ಕರೆದದ್ದು ನಿನಗೆ ಗೊತ್ತಿಲ್ಲದ್ದೇನಲ್ಲ. "ಸೊಸೆಗೆ ಎಷ್ಟೊಂದು ಮರ್ಯಾದೆ ಕೊಡ್ತಾರಪ್ಪ" ಅಂತ ಪಕ್ಕದ ಮನೆಯವರು ಹೊಗಳುತ್ತಿದ್ದರು. ಅದು ಮರ್ಯಾದೆಯಲ್ಲ, ಹೊಸ್ತಿಲು. ಒಳಗೆ ಬನ್ನಿ ಅನ್ನುತ್ತಲೇ ಅಲ್ಲೇ ನಿಲ್ಲಿಸುವ ಹೊಸ್ತಿಲು. ನಿನಗೆ, ನಿಮ್ಮಣ್ಣನಿಗೆ, ಕೊನೆಗೆ ಹಾಲಿನವನಿಗೂ 'ನೀನು'. ನನಗೊಬ್ಬಳಿಗೆ 'ನೀವು'. "ಉಪ್ಪು ಹಾಕಿದ್ದೀರಾ?" "ಬಟ್ಟೆ ಒಣಗಿಸಿದಿರಾ?" ಇಪ್ಪತ್ತು ವರ್ಷ ಇದೇ ರಾಗ.

ಹಾಗಿದ್ದಮೇಲೆ ನನಗೆ ಹೇಳಿದ್ದರೆ 'ಕಾದಿರಿ' ಅನ್ನಬೇಕಿತ್ತು. ನಿನ್ನ ಲೆಕ್ಕದಲ್ಲಿ ಎಸ್ಪೆರೋ. ಅಂದದ್ದು 'ಕಾದೆ'. ಉತ್ತರ ಸಿಕ್ಕಿತಲ್ಲ. ಇನ್ನು ಕೆದಕಬೇಡ. ತಾಯಿ ಮಗಳಿಗಾಗಿ ಕಾಯುವುದು ಬೈಗುಳವಲ್ಲ, ಅದನ್ನು ಹಾಗೆ ತೆಗೆದುಕೊಂಡವಳು ನೀನು.

ಅಜ್ಜಿಗೆ ಬೆನ್ನಿನಲ್ಲಿ ಹುಣ್ಣಾಗಿದೆ. 'ನೋಯುತ್ತಿದೆಯಾ' ಅನ್ನುವುದಕ್ಕೆ ಏನನ್ನಬೇಕು, ಬರೆದು ಕಳಿಸು.

ನಿನ್ನ ಅತ್ತಿಗೆ

~

ಮಾರ್ಚ್ ೩೦

ಅತ್ತಿಗೆಯವರಿಗೆ,

ಹಾಗಿದ್ದರೆ ಸರಿ. ಎಸ್ಪೆರೇ.

ನನ್ನ ತರಗತಿಯಲ್ಲಿ ಆ ಕ್ರಿಯಾಪದ ಬಂದರೆ ಉದಾಹರಣೆಗೆ ಬಸ್ಸು ಹೇಳುತ್ತೇನೆ. ಬಸ್ಸಿಗೆ ಕಾದೆ, ಬಸ್ಸಿಗೆ ಕಾದೆವು. ಮನುಷ್ಯರನ್ನು ಹೇಳಲು ಬಾಯಿ ಬರುವುದಿಲ್ಲ. ಹೋದ ತಿಂಗಳು ಹಿಂದಿನ ಬೆಂಚಿನ ಹುಡುಗಿಯೊಬ್ಬಳು, "ಮಿಸ್, ಬಸ್ಸು ಬರ್ತದಾ ಕೊನೆಗೆ?" ಎಂದು ಕೇಳಿದಳು. ಎಲ್ಲರೂ ನಕ್ಕರು, ನಾನೂ ನಕ್ಕೆ.

ನಿಮ್ಮ ಮಾತಿನಲ್ಲಿ ಒಂದು ಹೊಂದುತ್ತಿಲ್ಲ. ಇಪ್ಪತ್ತು ವರ್ಷ 'ನೀವು' ಎಂದರು ಎಂದು ಬರೆದಿದ್ದೀರಿ. ಅಮ್ಮ ಹೋದಾಗ ನಿಮ್ಮ ಮದುವೆಯಾಗಿ ಇಪ್ಪತ್ತೊಂದು ವರ್ಷವಾಗಿತ್ತು. ನಾನು ಲೆಕ್ಕ ಹಿಡಿಯುವವಳಲ್ಲ, ನೀವು ಎಂದೂ ಲೆಕ್ಕ ತಪ್ಪುವವರಲ್ಲ ಎಂದು ಹೇಳಿದೆ ಅಷ್ಟೆ.

ಒಂದು ಬೇಡಿಕೆ ಇದೆ. ಆ ಅಜ್ಜಿಗೆ 'ಯಮೋ' ಎನ್ನುತ್ತೀರಲ್ಲ, ಹಾಗೆ ನನಗೆ ಹೇಳಬೇಡಿ. ನನ್ನ ಹೊಟ್ಟೆ ತುಂಬಿಸಬೇಕಾಗಿಲ್ಲ.

'ತೆ ದ್ವೇಲೆ?' ಎಂದರೆ ನೋಯುತ್ತಿದೆಯಾ ಎಂದು. ಗೌರವಕ್ಕೆ 'ಲೆ ದ್ವೇಲೆ?' ಎನ್ನಬೇಕು. ಇದು ವರ್ತಮಾನಕಾಲ. ನೋವಿಗೆ ಅದೇ ಸಾಕು.

ನಿಮ್ಮ ನಾದಿನಿ

~

ಮೇ ೨೨

ಅತ್ತಿಗೆ,

ಉತ್ತರ ಬರಲಿಲ್ಲ. ಬೇಸರ ಮಾಡಿಕೊಂಡಿರಾ? ಅಣ್ಣನನ್ನು ಕೇಳಿದರೆ "ಅವಳು ಕೆಲಸ್ದಲ್ಲಿ ಮುಳುಗಿದಾಳೆ" ಎನ್ನುತ್ತಾನೆ. ಅವನಿಗೆ ಯಾವತ್ತು ಏನು ಗೊತ್ತಾಗಿದೆ.

ಇನ್ನೊಂದು ಹಾಳೆ ಕಳಿಸುತ್ತಿದ್ದೇನೆ. 'ವಿವೀರ್', ಬದುಕುವುದು. ಅದರಲ್ಲಿ 'ನಾವು' ಎಂಬ ಸಾಲಿಗೆ ಭೂತಕಾಲವೂ ವರ್ತಮಾನವೂ ಒಂದೇ: ವಿವಿಮೊಸ್. ಬದುಕುತ್ತಿದ್ದೇವೆ, ಬದುಕಿದೆವು. ತುಂಬಿಸದಿದ್ದರೂ ಸರಿ. ಖಾಲಿ ಹಾಳೆಯನ್ನಾದರೂ ವಾಪಸು ಕಳಿಸಿ.

ಗುಬ್ಬಿ

~

ಜೂನ್ ೧೪

ಗುಬ್ಬಿ,

ಅಜ್ಜಿ ಹೋದರು. ಮಂಗಳವಾರ ಬೆಳಗ್ಗೆ, ಮುಖ ತೊಳೆಸುತ್ತಿದ್ದಾಗ. ಹಾಸಿಗೆ ಬದಲಿಸಿ ಮಧ್ಯಾಹ್ನದ ಹೊತ್ತಿಗೆ ಕಿಟಕಿ ಪಕ್ಕಕ್ಕೆ ಬೇರೆಯವರನ್ನು ತಂದರು.

ಮಗಳು ಬಂದಳು. ನಿನಗಿಂತ ಸ್ವಲ್ಪ ದೊಡ್ಡವಳು. ನಮ್ಮ ಮಾತು ಚೆನ್ನಾಗಿಯೇ ಆಡುತ್ತಾಳೆ. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, "ಅಮ್ಮ ನನ್ನ ಕೇಳ್ತಿದ್ರಾ?" ಅಂದಳು. ನಾನು, "ದಿನಾ ಸಂಜೆ ಕೇಳ್ತಿದ್ರು. ಫೋನ್ ಮಾಡಿದ್ರಿ ಅಂತ ಹೇಳ್ತಿದ್ದೆ, ಸಮಾಧಾನವಾಗಿ ಊಟ ಮಾಡ್ತಿದ್ರು" ಅಂದೆ. ಅವಳಿಗೂ ಸಮಾಧಾನವಾಗಲಿ ಅಂತಲೇ ಅಂದದ್ದು. ಅವಳು ನನ್ನನ್ನೇ ನೋಡಿದಳು. "ನಾನು ಒಂದ್ಸಲಾನೂ ಮಾಡ್ಲಿಲ್ಲ. ಇಲ್ಲ ಅಂದಿದ್ರೆ ಅಮ್ಮ ಹಟ ಹಿಡೀತಿದ್ರು. ಇಲ್ಲಿಂದ ಯಾರಾದ್ರೂ ನಂಗೆ ಫೋನ್ ಮಾಡ್ತಿದ್ರು. ಆಗ ಬರ್ತಿದ್ದೆನೋ ಏನೋ" ಅಂದಳು. ಬೈಯಲಿಲ್ಲ. ಮೆಲ್ಲಗೆ ಎದ್ದಳು. ಅಮ್ಮನ ಬಾಚಣಿಗೆ, ಕನ್ನಡಕ ಕೊಡಲು ಹೋದೆ, ತೆಗೆದುಕೊಳ್ಳದೆ ಹೋದಳು.

ಆ ಬಾಚಣಿಗೆ ಇನ್ನೂ ನನ್ನ ಚೀಲದಲ್ಲಿದೆ. ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮ ಅಮ್ಮ ನನ್ನನ್ನು ಕೊನೆಯವರೆಗೂ 'ನೀವು' ಅನ್ನಲಿಲ್ಲ. ಇಪ್ಪತ್ತು ವರ್ಷ ಅಂದರು, ಕೊನೆಯ ವರ್ಷ ಅನ್ನಲಿಲ್ಲ. ನೀನು ಹಿಡಿದದ್ದು ಸರಿಯಾಗಿತ್ತು. ಹಾಸಿಗೆ ಹಿಡಿದ ಕೆಲವು ತಿಂಗಳಿಗೆ ಒಂದು ದಿನ ಬಚ್ಚಲಲ್ಲಿ ಸ್ಟೂಲಿನ ಮೇಲೆ ಕೂರಿಸಿ ನೀರು ಹಾಕುತ್ತಿದ್ದೆ. "ಬಿಸಿ ಜಾಸ್ತಿ ಆಯ್ತು, ತಣ್ಣೀರು ಬೆರೆಸು" ಅಂದರು. ಬೆರೆಸಿ ಅಲ್ಲ, ಬೆರೆಸು. ನನ್ನ ಕೈಯಿಂದ ಚೊಂಬು ಜಾರಿತು. ಅವರು ತಲೆ ಎತ್ತದೆ, "ಏನು, ಕಿವಿ ಕೇಳ್ಸಲ್ವಾ ನಿಂಗೆ?" ಅಂದರು. ನಿನಗೆ ಗದರುತ್ತಿದ್ದರಲ್ಲ, ಅದೇ ದನಿ. ನೀರು ಸುರಿಯುತ್ತಾ ನಾನು ಅತ್ತದ್ದು ಅವರಿಗೆ ಗೊತ್ತಾಗಲಿಲ್ಲ ಅಂದುಕೊಂಡಿದ್ದೇನೆ. ಆಮೇಲೆ ನಾವಿಬ್ಬರೇ ಇದ್ದಾಗ 'ನೀನು'. ನಿಮ್ಮಣ್ಣನೋ ಡಾಕ್ಟರೋ ಒಳಗೆ ಕಾಲಿಟ್ಟರೆ ಮತ್ತೆ 'ನೀವು'. ಯಾರಿಗೂ ಹೇಳಲಿಲ್ಲ. ಆ ಮನೆಯಲ್ಲಿ ನನ್ನದು ಅಂತ ಇದ್ದದ್ದು ಅದೊಂದೇ.

ಶುಕ್ರವಾರ ಮಧ್ಯಾಹ್ನ ಅವರ ಕೈ ಹಿಡಿದು ಕೂತಿದ್ದೆ. ಕಣ್ಣು ತೆರೆದು ನನ್ನನ್ನು ನೋಡಿ, "ಸಾಕು, ಹೋಗಿ ಮಲಕ್ಕೋ. ತುಂಬ ಕಾದೆ" ಅಂದರು. ಅಷ್ಟೇ. ಆಮೇಲೆ ಮಾತಿಲ್ಲ.

ನಿನಗೆ ಫೋನ್ ಮಾಡಿದೆ. ಅಮ್ಮ ಏನಾದರೂ ಅಂದಳಾ ಅಂತ ನೀನು ಕೇಳಲಿಲ್ಲ, ಗುಬ್ಬಿ. ನೀನು ಕೇಳಿದ್ದು, "ಅಮ್ಮ ನನ್ನ ನೆನೆಸ್ಕೊಂಡ್ಳಾ ಅತ್ತಿಗೆ?" ಅಂತ. ನೀನು ಉಸಿರು ಸಿಕ್ಕದೆ ಅಳುತ್ತಿದ್ದೆ. ಇಲ್ಲ ಅನ್ನಲು ನನಗೆ ಬಾಯಿ ಬರಲಿಲ್ಲ. ಹೌದು ಅನ್ನಲು ಕೈಯಲ್ಲಿ ಏನೂ ಇರಲಿಲ್ಲ. ಇದ್ದದ್ದು ನನಗೆ ಸಿಕ್ಕ ಆ ಎರಡು ಮಾತು. ಮೊದಲರ್ಧ ಕತ್ತರಿಸಿ, ಉಳಿದದ್ದನ್ನು ನಿನಗೆ ಕೊಟ್ಟೆ. ಸುಳ್ಳು ಹೇಳುವ ಕಷ್ಟವೂ ಇರಲಿಲ್ಲ. 'ನಾನು', 'ನೀನು' ಬಿಟ್ಟರೆ ಸಾಕಿತ್ತು. ನಿನ್ನ ಸ್ಪ್ಯಾನಿಷಿನಲ್ಲಿ ಆಗಿದ್ದರೆ ಕೊಡಲು ಆಗುತ್ತಿರಲಿಲ್ಲ.

ನಿನ್ನ ಮನಸ್ಸು ತಣ್ಣಗಾಗಲಿ ಅಂತ ಕೊಟ್ಟದ್ದು ನಿನ್ನನ್ನು ಸುಟ್ಟಿತು. ನೀನು ಅದನ್ನು ಹಿಡಿದುಕೊಂಡು ನನ್ನ ಮೇಲೆ ಮುಖ ಊದಿಸಿಕೊಂಡು ಕೂತೆ. ನನಗೆ ಕೋಪವೂ ಬಂತು. ನನ್ನದನ್ನೂ ಕೊಟ್ಟು, ನಿನ್ನನ್ನೂ ಕಳೆದುಕೊಂಡೆನಲ್ಲ ಅಂತ.

ಇದನ್ನೂ ಕೇಳು. ಆ ವಾರ ಅವರು ನಿನ್ನ ಹೆಸರು ಎತ್ತಲಿಲ್ಲ. ನಿಮ್ಮಣ್ಣನದೂ ಎತ್ತಲಿಲ್ಲ. ನೀರು, ಬೆಳಕು, ಬೆನ್ನು, ಇಷ್ಟೇ ಅವರ ಲೋಕ. 'ಯಮೋ' ಬೇಡ ಅಂದೆಯಲ್ಲ, ಅದಕ್ಕೆ ಇದ್ದದ್ದನ್ನು ಬರೆದಿದ್ದೇನೆ.

ಹಳೆಯ ಹಾಳೆಯನ್ನೇ ವಾಪಸು ಕಳಿಸುತ್ತಿದ್ದೇನೆ. ಎಸ್ಪೆರಾಸ್ತೆಯ ಎದುರು ನೀನು ಗೀಟು ಎಳೆದ ಜಾಗ ಹಾಗೆಯೇ ಇದೆ. ನನಗೆ ತುಂಬಿಸಲು ಆಗಲಿಲ್ಲ.

ನಿನ್ನ ಅತ್ತಿಗೆ

~

ಜುಲೈ ೫

ಅತ್ತಿಗೆ,

ನಿಮ್ಮ ಕಾಗದವನ್ನು ತರಗತಿಗೆ ಮೊದಲು ಓದಬಾರದಿತ್ತು. ಆವತ್ತು ಪಾಠ ಮಾಡಲು ಆಗಲಿಲ್ಲ. ತಲೆನೋವು ಎಂದು ಎಲ್ಲರನ್ನೂ ಮನೆಗೆ ಕಳಿಸಿ, ಖಾಲಿ ಬೆಂಚುಗಳ ಎದುರು ಕೂತಿದ್ದೆ. ಕಾವಲುಗಾರ ಬಂದು ದೀಪ ಆರಿಸಲಾ ಎಂದು ಕೇಳುವವರೆಗೂ.

ಅಮ್ಮ ನನಗಾಗಿ ಕಾದಳು ಎಂದು ಮೂರು ವರ್ಷ ಅತ್ತೆ. ಈಗ ಕಾಯಲಿಲ್ಲ ಎಂದು ಅಳಬೇಕಾಗಿದೆ. ಯಾವುದು ಹೆಚ್ಚು ನೋವು ಎಂದು ಕೇಳಿದರೆ ಹೇಳಲಾರೆ. ಅಪರಾಧಿ ಎಂದುಕೊಂಡಿದ್ದಾಗ ಅಮ್ಮನ ಬಾಯಲ್ಲಿ ಕೊನೆಗೆ ನಾನಾದರೂ ಇದ್ದೆ. ಈಗ ನೀವು ನನ್ನನ್ನು ಬಿಡಿಸಿದ್ದೀರಿ, ಆದರೆ ಹೊರಗೆ ಬಂದು ನೋಡಿದರೆ ಯಾರೂ ಇಲ್ಲ. ನಿಜ ಬೇಕು ಎಂದು ಕೇಳಿದವಳು ನಾನೇ. ದೂರುವುದಿಲ್ಲ.

ನಿಮ್ಮಿಂದ ಎರವಲು ತಂದದ್ದನ್ನು ನನ್ನದೆಂದು ಇಟ್ಟುಕೊಂಡು, ನಿಮಗೇ ಬಾಗಿಲು ಹಾಕಿದೆ. ಇದಕ್ಕೆ ಏನು ಹೇಳಬೇಕು ಎಂದು ಯಾವ ಭಾಷೆಯಲ್ಲೂ ಹೊಳೆಯುತ್ತಿಲ್ಲ.

ಊರಿಗೆ ಬರಬೇಕು ಎನಿಸಿದೆ. ಯಾವಾಗ ಎಂದು ಈಗ ಹೇಳುವುದಿಲ್ಲ. ದಿನ ಹೇಳಿ ತಪ್ಪಿಸಿಕೊಂಡವಳು ನಾನು. ಬಂದರೆ ಆ ಬಚ್ಚಲನ್ನು ನೋಡಬೇಕು. ಆ ಸ್ಟೂಲು ಇನ್ನೂ ಇದೆಯೇ?

ಹಾಳೆ ತಿದ್ದಿ ಕಳಿಸಿದ್ದೇನೆ. ನನ್ನ ಹಸಿರು ಗೀಟನ್ನು ಬ್ಲೇಡಿನಿಂದ ಕೆರೆದು ತೆಗೆದೆ, ಕಾಗದ ಸ್ವಲ್ಪ ತೂತಾಗಿದೆ. ಅರ್ಥ ಬರೆಯುವಾಗ 'ನಾನು', 'ನೀನು' ಬಿಡಬಾರದು ಎಂದು ಹೇಳಿಕೊಟ್ಟವಳು ನಾನೇ. ಆದ್ದರಿಂದ ಆ ಸಾಲನ್ನು ನಾನೇ ತುಂಬಿಸಿದ್ದೇನೆ, ಅಮ್ಮ ಹೇಳಿದ ಹಾಗೆಯೇ, ಅಮ್ಮನ ಪರವಾಗಿ ಒಂದು ಸಲ, ನನ್ನ ಪರವಾಗಿ ಇನ್ನೊಂದು ಸಲ.

ಎಸ್ಪೆರಾಸ್ತೆ: ನೀನು ಕಾದೆ.
ಎಸ್ಪೆರಾಸ್ತೆ ಮೂಚೊ: ಅತ್ತಿಗೆ, ನೀನು ತುಂಬ ಕಾದೆ.

ಗುಬ್ಬಿ